ಕ್ಯಾಸನೂರಿನ ವೈರಸಿಗೆ ಒಂದು ಕೋಷ್ಟಕ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೌದೆ, ತರಗೆಲೆಗಳಿಗಾಗಿ ಕಾಡಿಗೆ ಹೋಗಿಬಂದ ಜನರೂ ತೀವ್ರ ಜ್ವರಕ್ಕೆ ತುತ್ತಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಕಾರಣವಾದ ವೈರಸನ್ನು ಪ್ರತ್ಯೇಕಿಸಿದರು. ಉಣುಗುಗಳು ಅದನ್ನು ಹರಡುತ್ತವೆಂಬುದನ್ನು ಕಂಡುಕೊಂಡರು. 'ಮಂಗನ ಕಾಯಿಲೆ' ಎಂದು ಜನ ಕರೆಯುವ ಈ ರೋಗಕ್ಕೆ ಶಾಸ್ತ್ರಗ್ರಂಥಗಳಲ್ಲಿ ಈ ಊರಿನ ಹೆಸರೇ ನಿಂತಿತು.

ಈ ವೈರಸಿನ ಆನುವಂಶಿಕ ಲಿಪಿಯನ್ನು ಇಂದು ನಾವು ಅಕ್ಷರಶಃ ಓದಬಲ್ಲೆವು. ಅದು ಆರ್.ಎನ್.ಎ. ಎಂಬ ನೀಳವಾದ ಅಣು. ಎ, ಸಿ, ಜಿ, ಯು ಎಂಬ ನಾಲ್ಕೇ ಅಕ್ಷರಗಳ ಈ ಸರಣಿಯ ಉದ್ದ ಸುಮಾರು 10,770. ಮೂರು ಮೂರು ಅಕ್ಷರಗಳು ಸೇರಿ ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. ವೈರಸು ಮೊದಲು ತಯಾರಿಸುವ ಉದ್ದನೆಯ ಪ್ರೋಟೀನಿನಲ್ಲಿ 3,416 ಅಮೈನೋ ಆಮ್ಲಗಳಿರುವುದರಿಂದ, ಅದಕ್ಕೆ ಬೇಕಾದ ಅಕ್ಷರಗಳು 10,248. ಉಳಿದವು ಬಹುಮಟ್ಟಿಗೆ ಸರಣಿಯ ಎರಡು ತುದಿಗಳಲ್ಲಿವೆ.

ಆದರೆ ಅಕ್ಷರಗಳಷ್ಟೇ ತಿಳಿದರೆ ಸಾಲದು. ಈ ಸರಣಿ ಯಾವ ಊರಿನದು, ಯಾವ ವರ್ಷದ್ದು, ಮಂಗನಿಂದ ಬಂದುದೋ ಮನುಷ್ಯನಿಂದ ಬಂದುದೋ? ಇಂತಹ ಲಕ್ಷಣಗಳನ್ನು ಕ್ರಮವಾಗಿ ಇರಿಸುವ ಒಂದು ಯುಕ್ತಿಯನ್ನು 1970ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞನು ಸೂಚಿಸಿದನು. ಅದರಂತೆ ಮಾಹಿತಿಯೆಲ್ಲವನ್ನೂ ಕೋಷ್ಟಕಗಳಲ್ಲಿ ಬರೆಯಬೇಕು. ಒಂದು ಕೋಷ್ಟಕದಲ್ಲಿ ದಾಖಲೆ ಸಂಖ್ಯೆ, ಸರಣಿ, ಅದರ ಉದ್ದ. ಇನ್ನೊಂದರಲ್ಲಿ ಅದೇ ದಾಖಲೆ ಸಂಖ್ಯೆ, ಸ್ಥಳ, ವರ್ಷ, ಜೀವಿ. '1957ರ ಸೊರಬದ ಸರಣಿಯನ್ನು ಕೊಡು' ಎಂದರೆ, ಗಣಕವು ಎರಡನೆಯ ಕೋಷ್ಟಕದಲ್ಲಿ ಸಂಖ್ಯೆಯನ್ನು ಹುಡುಕಿ, ಅದರ ಆಧಾರದಿಂದ ಮೊದಲನೆಯದರಲ್ಲಿ ಸರಣಿಯನ್ನು ತೆಗೆದುಕೊಡುತ್ತದೆ. ಎರಡೂ ಕೋಷ್ಟಕಗಳನ್ನು ಬೆಸೆಯುವುದು ಆ ಸಂಖ್ಯೆಯೊಂದೇ.

ಇದರಿಂದೇನು ಪ್ರಯೋಜನ? ಒಂದು ನಿಜವಾದ ಪ್ರಸಂಗವನ್ನು ನೋಡೋಣ. ಚೀನಾದ ಯುನ್ನಾನ್ ಪ್ರಾಂತದಲ್ಲಿ 1989ರಲ್ಲಿ ಜ್ವರಪೀಡಿತನೊಬ್ಬನಿಂದ ದೊರೆತ ವೈರಸು ಕ್ಯಾಸನೂರಿನದೇ ಎಂದು 2009ರಲ್ಲಿ ವರದಿಯಾಯಿತು. ಸರಣಿಗಳನ್ನು ಹೋಲಿಸಿದಾಗ ಅದು 1957ರ ವೈರಸಿಗೆ ಹೆಚ್ಚುಕಡಿಮೆ ತದ್ರೂಪವಾಗಿತ್ತು. ಅಕ್ಷರಗಳನ್ನಷ್ಟೇ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಸ್ಥಳ, ವರ್ಷಗಳ ಅಂಕಣಗಳನ್ನು ಪಕ್ಕದಲ್ಲಿಟ್ಟು ನೋಡಿರಿ! ಆರ್.ಎನ್.ಎ. ವೈರಸುಗಳು ನಕಲಾಗುವಾಗ ತಪ್ಪುಗಳು ನುಸುಳಿ, ಸರಣಿ ಕಾಲಕ್ರಮದಲ್ಲಿ ಮಾರ್ಪಡುತ್ತದೆ. ಮೂವತ್ತೆರಡು ವರ್ಷಗಳ ಅಂತರದಲ್ಲಿ, ಅಷ್ಟು ದೂರದ ನಾಡಿನಲ್ಲಿ, ಅದು ಬದಲಾಗದೆ ಉಳಿಯಿತೇ? ಪ್ರಯೋಗಾಲಯದಲ್ಲಿಯೇ ಹಳೆಯ ವೈರಸು ಬೆರೆತಿರಬಹುದೇ ಎಂಬ ಸಂಶಯಕ್ಕೆ ಇದೇ ಕಾರಣ.

ರೋಗವು ಎಲ್ಲಿಂದ ಎಲ್ಲಿಗೆ ಹಬ್ಬಿತೆಂಬ ನಿರ್ಣಯವು ಹೀಗೆ ಒಂದು ಸಾಲಿನ ಬರವಣಿಗೆಯನ್ನು ಅವಲಂಬಿಸಿದೆ. ಪ್ರಯೋಗಾಲಯದಲ್ಲಿ ಸೀಸೆಯ ಮೇಲೆ ಊರನ್ನೂ ದಿನಾಂಕವನ್ನೂ ಬರೆಯುವ ವಿದ್ಯಾರ್ಥಿಯು ಆ ಕೆಲಸವನ್ನು ಕ್ಷುಲ್ಲಕವೆಂದು ಭಾವಿಸದಿರಲಿ.