ದಿನ ತುಂಬದ ಕಣ್ಣಿಗೊಂದು ಕ್ಯಾಮೆರಾ

ರಾಜಾಜಿನಗರದ ಕಾರ್ಡ್ ರೋಡಿನ ನಾರಾಯಣ ನೇತ್ರಾಲಯ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ನೇತ್ರದಾನ. ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ ಇರುವುದು ಇಲ್ಲೇ. 2006ರಲ್ಲಿ ಅಣ್ಣಾವ್ರ ಕಣ್ಣು, 2021ರಲ್ಲಿ ಅಪ್ಪು ಕಣ್ಣು ಬಂದದ್ದೂ ಇಲ್ಲಿಗೇ. ಅಷ್ಟು ಸುದ್ದಿಯಾಗದ ಇನ್ನೊಂದು ಕೆಲಸವೂ ಇದೇ ಆಸ್ಪತ್ರೆಯಿಂದ ಹೊರಟಿದೆ. ಅದು ನಡೆಯುವುದು ಮಾತ್ರ ದೂರದ ಜಿಲ್ಲಾ ಆಸ್ಪತ್ರೆಗಳಲ್ಲಿ, ಅಂಗೈಯಗಲದ ಕೂಸುಗಳ ಪಕ್ಕದಲ್ಲಿ.

ಏಳು ತಿಂಗಳಿಗೇ ಹುಟ್ಟಿದ ಮಗುವಿಗೆ ಉಸಿರು, ತೂಕ, ಸೋಂಕು ಎಲ್ಲದರ ಚಿಂತೆಯೂ ಇರುತ್ತದೆ. ಕಣ್ಣಿನ ಚಿಂತೆ ಯಾರಿಗೂ ಬರುವುದಿಲ್ಲ, ಏಕೆಂದರೆ ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಕೆಡುವುದು ಒಳಗೆ. ಅಕ್ಷಿಪಟಲದ ರಕ್ತನಾಳಗಳು ಬೆಳೆದು ಮುಗಿಯುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಮೊದಲೇ ಹೊರಬಂದ ಮಗುವಿನಲ್ಲಿ ಅವು ಅರ್ಧಕ್ಕೇ ನಿಂತು, ಆಮೇಲೆ ಅಡ್ಡಾದಿಡ್ಡಿ ಚಿಗುರಿ, ಕೊನೆಗೆ ಪಟಲವನ್ನೇ ಎಳೆದು ಕೀಳಬಹುದು. ವೈದ್ಯರು ಇದನ್ನು ಆರ್‌ಒಪಿ ಎನ್ನುತ್ತಾರೆ. 1942ರಲ್ಲಿ ಬಾಸ್ಟನ್ನಿನ ಥಿಯೋಡರ್ ಟೆರ್ರಿ ಮೊದಲು ಗುರುತಿಸಿದ ತೊಂದರೆ ಇದು. ಗಾಯಕ ಸ್ಟೀವಿ ವಂಡರ್ ದೃಷ್ಟಿ ಹೋದದ್ದೂ ಇದರಿಂದಲೇ. ಸಕಾಲಕ್ಕೆ ಕಂಡರೆ ಲೇಸರ್ ಸಾಕು. ಆದರೆ ಒಮ್ಮೆ ಕೆರಳಿತೆಂದರೆ ಎರಡು ಮೂರು ದಿನದೊಳಗೆ ಚಿಕಿತ್ಸೆ ಆಗಲೇಬೇಕು.

ಇಂಥ ಕಣ್ಣು ನೋಡಬಲ್ಲ ತಜ್ಞರು ಬೆರಳೆಣಿಕೆಯಷ್ಟು, ಅವರೂ ದೊಡ್ಡ ಊರುಗಳಲ್ಲೇ. ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಶುರುಮಾಡಿದ ‘ಕಿಡ್‌ರಾಪ್’ ಯೋಜನೆ ಲೆಕ್ಕವನ್ನೇ ತಿರುಗಿಸಿತು: ವೈದ್ಯರ ಬದಲು ಕ್ಯಾಮೆರಾ ಊರೂರಿಗೆ ಹೋಗಲಿ, ಚಿತ್ರ ತೆಗೆಯುವುದನ್ನು ತಂತ್ರಜ್ಞರೇ ಕಲಿಯಲಿ. ಸರ್ಕಾರವೂ ಕೈಜೋಡಿಸಿದ ಮೇಲೆ ಕ್ಯಾಮೆರಾ ಹೊತ್ತ ವಾಹನ ಉತ್ತರ ಕರ್ನಾಟಕದ ಜಿಲ್ಲೆಗಳನ್ನೂ ಮುಟ್ಟಿತು.

ನನಗೆ ಬೆರಗು ಈ ತಂತ್ರಜ್ಞರ ಕೈ ಮೇಲೆ. ಮೊದಲು ಪಾಪೆ ಹಿಗ್ಗಿಸುವ ಹನಿ, ಅದು ಕೆಲಸ ಮಾಡುವ ತನಕ ಕಾಯುವುದು. ಆಮೇಲೆ ನೋವು ತಿಳಿಯದಂತೆ ಮರಗಟ್ಟಿಸುವ ಹನಿ. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಾರೆ. ರೆಪ್ಪೆ ಮುಚ್ಚದ ಹಾಗೆ ಪುಟ್ಟ ತಂತಿಯ ಕೊಕ್ಕೆ, ಕಣ್ಣಿನ ಮೇಲೆ ಒಂದಿಷ್ಟು ಜೆಲ್, ಅದರ ಮೇಲೆ ಕ್ಯಾಮೆರಾದ ಮೂತಿ. ಒತ್ತಿದರೆ ಮಗುವಿನ ನಾಡಿ ಇಳಿದೀತು, ಸಡಿಲವಾದರೆ ಚಿತ್ರ ಮಸುಕು. ನಡುವೆ ಒಂದು, ಮೂಗಿನ ಕಡೆ ಒಂದು, ಕಿವಿಯ ಕಡೆ ಒಂದು, ಮೇಲೆ, ಕೆಳಗೆ, ಹೀಗೆ ಒಂದೊಂದು ಕಣ್ಣಿಗೂ ಹಲವು ಚಿತ್ರ. ಅಲ್ಲೇ ಹಸಿರು, ಕಿತ್ತಳೆ, ಕೆಂಪು ಎಂದು ಗುರುತು ಹಾಕುತ್ತಾರೆ. ಹಸಿರಾದರೆ ನಿಶ್ಚಿಂತೆ, ಕಿತ್ತಳೆಯಾದರೆ ಮತ್ತೆ ಬರಬೇಕು, ಕೆಂಪಾದರೆ ತಡಮಾಡುವಂತಿಲ್ಲ. ಬೆಂಗಳೂರಿನ ವೈದ್ಯರು ಅದೇ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ತೀರ್ಪು ಕೊಡುತ್ತಾರೆ.

ಈ ಕ್ಯಾಮೆರಾ ಮೊದಲು ಬರುತ್ತಿದ್ದುದು ಅಮೆರಿಕದಿಂದ. ಬೆಲೆ ಕೇಳಿದರೆ ಜಿಲ್ಲಾಸ್ಪತ್ರೆ ಹಿಂದೆ ಸರಿಯಬೇಕು. ಆ ಕೊರತೆಗೆ ಕೈಹಾಕಿದ್ದು ಬೆಂಗಳೂರಿನದೇ ಫೋರಸ್ ಹೆಲ್ತ್. ಚಿಪ್ ಉದ್ಯಮದಿಂದ ಬಂದ ಕೆ. ಚಂದ್ರಶೇಖರ್ ಮತ್ತು ಫಿಲಿಪ್ಸ್‌ನಲ್ಲಿದ್ದ ಶ್ಯಾಮ್ ವಾಸುದೇವ್ 2010ರಲ್ಲಿ ಕಟ್ಟಿದ ಕಂಪನಿ ಇದು. ಮೊದಲ ಸಾಧನ ‘ತ್ರಿನೇತ್ರ’ ದೊಡ್ಡವರಿಗೆ: ಪಾಪೆ ಹಿಗ್ಗಿಸದೆಯೇ ಕಣ್ಣಿನೊಳಗಿನ ಚಿತ್ರ ತೆಗೆದು, ಪೊರೆ, ಸಕ್ಕರೆ ಕಾಯಿಲೆಯ ಹಾನಿ, ಗ್ಲಾಕೋಮಾ ಸುಳಿವು ಕೊಡುವಂಥದ್ದು. 2012ರಲ್ಲಿ ಐಡಿಜಿ ವೆಂಚರ್ಸ್, ಆಕ್ಸೆಲ್ ಬಂಡವಾಳ ಹಾಕಿದವು. ಆಮೇಲೆ ಬಂದದ್ದು ಕೂಸುಗಳ ಕ್ಯಾಮೆರಾ ‘ತ್ರಿನೇತ್ರ ನಿಯೋ’. ಒಂದೇ ನೋಟಕ್ಕೆ 120 ಡಿಗ್ರಿ ಅಗಲ ಹಿಡಿಯುತ್ತದೆ, ಬೆಲೆಯೂ ಕಡಿಮೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಮೇಲೆ ಅದರ ಸುರಕ್ಷತೆಯನ್ನು ಪರೀಕ್ಷಿಸಿ ವಿನೇಕರ್ ಮತ್ತು ಸಂಗಡಿಗರು 2019ರಲ್ಲಿ ವರದಿ ಪ್ರಕಟಿಸಿದರು. ಕಂಪನಿ ಬೆಳೆದದ್ದು ಹೀಗೆ, ಆಸ್ಪತ್ರೆಯ ಮಗ್ಗುಲಲ್ಲಿ.

1982ರಲ್ಲಿ ಶ್ರೀರಾಮಪುರದ ಚಿಕ್ಕ ಜಾಗದಲ್ಲಿ ನೇತ್ರಾಲಯ ಆರಂಭಿಸಿದ ಡಾ. ಕೆ. ಭುಜಂಗ ಶೆಟ್ಟಿ 2023ರಲ್ಲಿ ತೀರಿಕೊಂಡರು. ಅವರ ಆಸ್ಪತ್ರೆಯ ಕ್ಯಾಮೆರಾ ಊರೂರು ತಿರುಗುತ್ತಿದೆ. ಆದರೂ ಕ್ಯಾಮೆರಾ ಒಂದೇ ಸಾಲದು. ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿನ ಕಣ್ಣನ್ನು ಹುಟ್ಟಿದ ತಿಂಗಳೊಳಗೆ ತೋರಿಸಬೇಕು ಎನ್ನುತ್ತಾರೆ ವೈದ್ಯರು. ನಮ್ಮ ಮನೆಗಳಲ್ಲಿ ಆ ಹೊತ್ತಿಗೆ ಬಾಣಂತಿ ತವರಿನ ಕತ್ತಲೆ ಕೋಣೆಯಲ್ಲಿರುತ್ತಾಳೆ. ಮೂರು ತಿಂಗಳು ಹೊಸ್ತಿಲು ದಾಟಬಾರದು, ಕೂಸಿಗೆ ಗಾಳಿ ಸೋಕಬಾರದು ಎನ್ನುವ ಅಜ್ಜಿಯ ಅಕ್ಕರೆಯೇ ಇಲ್ಲಿ ಅಡ್ಡಗಾಲು. ಆಶಾ ಕಾರ್ಯಕರ್ತೆ ಹೇಳಿದರೆ ಅಜ್ಜಿ ಕೇಳಿಯಾಳು. ತಾಯಿ ಕಾರ್ಡಿನಲ್ಲೇ ಕಣ್ಣಿನ ತಾರೀಖು ದಪ್ಪಕ್ಷರದಲ್ಲಿ ಬರೆದರೆ ಇನ್ನೂ ಒಳ್ಳೆಯದು.

2008ರಲ್ಲಿ ಲೇಸರ್ ಆದ ಕೂಸುಗಳು ಈಗ ಕಾಲೇಜು ಓದುವ ವಯಸ್ಸಿನವರು. ಆ ಕ್ಯಾಮೆರಾ ಅವರಿಗೆ ನೆನಪಿರಲು ಸಾಧ್ಯವಿಲ್ಲ. ಅದೇ ವರ್ಷ, ವಾಹನ ತಲುಪದ ಊರುಗಳಲ್ಲಿ, ಅಷ್ಟೇ ತೂಕಕ್ಕೆ ಹುಟ್ಟಿದವರೂ ಇದ್ದರು. ಹುಟ್ಟುಕುರುಡು ಎಂದು ಕರೆಸಿಕೊಂಡ ಅವರಲ್ಲಿ ಎಷ್ಟು ಮಂದಿ ಹುಟ್ಟುವಾಗ ಕುರುಡರಾಗಿರಲಿಲ್ಲವೋ!