ಒಪ್ಪಿಗೆ ಪತ್ರದ ಪ್ರತಿ ನಿಮ್ಮ ಕೈಯಲ್ಲಿರಲಿ

ನಿಕಾಹ್‌ನಾಮ, ಹೊಲದ ಉತಾರ, ಬ್ಯಾಂಕಿನ ಪಾಸ್‌ಬುಕ್ ಇವನ್ನೆಲ್ಲ ನಾವು ಟ್ರಂಕಿನಲ್ಲಿ ಜೋಪಾನವಾಗಿಡುತ್ತೇವೆ. ಆದರೆ ವೈದ್ಯಕೀಯ ಸಂಶೋಧನೆಗೆ ಒಪ್ಪಿ ಹೆಬ್ಬೆಟ್ಟು ಒತ್ತಿದ ಕಾಗದ? ಅದರ ಪ್ರತಿಯನ್ನು ಕೇಳಿ ಪಡೆಯಬೇಕೆಂಬುದು ಎಷ್ಟು ಮಂದಿಗೆ ಹೊಳೆಯುತ್ತದೆ?

ಸಂಶೋಧನೆ ನಮ್ಮಿಂದ ದೂರದ ಸಂಗತಿಯೇನಲ್ಲ. 2002ರಿಂದ 2005ರವರೆಗೆ ಪಕ್ಕದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಪರೀಕ್ಷೆ ನಡೆಯಿತು. 1,620 ಮಹಿಳೆಯರು ಪಾಲ್ಗೊಂಡರು. ಸುಮಾರು ಅರ್ಧದಷ್ಟು ಮಂದಿಗೆ ಈ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಔಷಧ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ ಅದು 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಸಂಶೋಧನೆಗೆ ಒಪ್ಪುವ ತಾಯಂದಿರಿಂದ ಲೋಕಕ್ಕೆ ಆಗುವ ಉಪಕಾರ ಇಷ್ಟು ದೊಡ್ಡದು.

ಆದರೆ ಒಪ್ಪಿಗೆ ಹೆಸರಿಗಷ್ಟೇ ಆಗಬಾರದು. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಅಧ್ಯಯನಕ್ಕಾಗಿ ಬಾಲಕಿಯರಿಗೆ ಹಾಕಲಾಯಿತು. ಅಲ್ಲಿನ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಮಾಡಿದವರು ಹೆತ್ತವರಲ್ಲ, ಹಾಸ್ಟೆಲ್ ವಾರ್ಡನ್‌ಗಳು! ಸಂಸದೀಯ ಸಮಿತಿ 2013ರಲ್ಲಿ ಇದನ್ನು ಬೆಳಕಿಗೆ ತಂದಿತು. ಇಲ್ಲಿ ಪ್ರಶ್ನೆ ಲಸಿಕೆಯದಲ್ಲ, ಒಪ್ಪಿಗೆ ಪಡೆದ ರೀತಿಯದು. ಕಾಗದವೇ ಮನೆಗೆ ತಲುಪದಿದ್ದರೆ ತಾಯಿ ಏನೆಂದು ಕೇಳಿಯಾಳು?

ಔಷಧ ಪರೀಕ್ಷೆಗಳ ಕುರಿತ 2019ರ ನಿಯಮಗಳ ಪ್ರಕಾರ, ಮಾಹಿತಿ ಪತ್ರ ಮತ್ತು ಭರ್ತಿ ಮಾಡಿದ ಒಪ್ಪಿಗೆ ಪತ್ರದ ಪ್ರತಿಯನ್ನು ಪಾಲ್ಗೊಳ್ಳುವವರಿಗೆ ಅಥವಾ ಅವರ ಜೊತೆಗಿರುವವರಿಗೆ ಕೊಡಲೇಬೇಕು. ಓದು ಬಾರದವರಿದ್ದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಎದುರಿಗಿರಬೇಕು.

ಪ್ರತಿಯಿಂದ ಏನು ಪ್ರಯೋಜನ? ಹುನ್ನೂರಿನ ಗರ್ಭಿಣಿಯೊಬ್ಬಳು ನಗರದ ಆಸ್ಪತ್ರೆಯಲ್ಲಿ ಅಧ್ಯಯನಕ್ಕೆ ಸೇರಿ ಊರಿಗೆ ಮರಳಿದಳು ಎನ್ನಿ. ನಡುರಾತ್ರಿ ಆರೋಗ್ಯ ಕೆಟ್ಟರೆ ಜಮಖಂಡಿಯ ವೈದ್ಯರಿಗೆ ಏನು ತೋರಿಸಬೇಕು? ಯಾವ ಅಧ್ಯಯನ, ಯಾರಿಗೆ ಫೋನ್ ಮಾಡಬೇಕು, ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರವೇನು ಎಂಬುದೆಲ್ಲ ಆ ಕಾಗದದಲ್ಲಿರುತ್ತದೆ. ಬೇಡವೆನಿಸಿದಾಗ ಹೊರಬರುವ ಹಕ್ಕೂ ಅದರಲ್ಲಿ ಬರೆದಿರುತ್ತದೆ.

ಕೆಲವು ಕಾಯಿಲೆಗಳ ಕಾಗದ ಇತರರ ಕಣ್ಣಿಗೆ ಬೀಳುವುದು ಬೇಡವೆನಿಸಬಹುದು. ಅಂಥವರು ಅದನ್ನು ಎಲ್ಲಿಡುವುದೆಂದು ಸಂಶೋಧಕರೊಂದಿಗೇ ಮಾತನಾಡಿಕೊಳ್ಳಲಿ.

ಸಹೋದರಿಯರೇ, ಸಹಿಗೆ ಮುಂಚೆ ನಿಮಗೆ ತಿಳಿಯುವ ಭಾಷೆಯಲ್ಲಿ ಓದಿಸಿ ಕೇಳಿರಿ. ಸಹಿಯಾದ ಮೇಲೆ ಪ್ರತಿ ಪಡೆಯಲು ಸಂಕೋಚ ಬೇಡ. ಅದನ್ನು ತಾಯಿ ಕಾರ್ಡಿನ ಜೊತೆಯಲ್ಲಿಡಿ, ಆಸ್ಪತ್ರೆಗೆ ಹೋಗುವಾಗ ಮರೆಯದೆ ಕೊಂಡೊಯ್ಯಿರಿ.