ಕವಿತೆ ನಕಾಶೆಯಾದಾಗ: ಫೆನ್ ನಿಧಿಶೋಧ ಮತ್ತು ಅರ್ಥನಿರ್ಣಯದ ಪ್ರಶ್ನೆ

ಒಗಟಿನ ಸ್ವರೂಪದ ರಚನೆಯನ್ನು ಕಾವ್ಯವೆಂದು ಪರಿಗಣಿಸಬಹುದೇ ಎಂಬ ಜಿಜ್ಞಾಸೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಹಳೆಯದು. ದಂಡಿಯು ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ 16 ಬಗೆಯ ಪ್ರಹೇಳಿಕೆಗಳನ್ನು ವಿವರಿಸಿ, ವಿನೋದಗೋಷ್ಠಿಗಳಲ್ಲಿ, ಜನಸಂದಣಿಯ ನಡುವೆ ಗುಟ್ಟು ನುಡಿಯುವಲ್ಲಿ ಹಾಗೂ ಪರರನ್ನು ಭ್ರಮೆಗೊಳಿಸುವಲ್ಲಿ ಅವು ಉಪಯುಕ್ತವೆನ್ನುತ್ತಾನೆ. ವಿಶ್ವನಾಥನಾದರೋ ‘ಸಾಹಿತ್ಯದರ್ಪಣ’ದಲ್ಲಿ, ರಸಕ್ಕೆ ಅಡ್ಡಿಯಾಗುವುದೆಂಬ ಕಾರಣದಿಂದ ಪ್ರಹೇಳಿಕೆಗೆ ಅಲಂಕಾರದ ಸ್ಥಾನವನ್ನೇ ನಿರಾಕರಿಸುತ್ತಾನೆ. ಈ ಇಬ್ಬರ ಮಾತನ್ನೂ ಒರೆಗೆ ಹಚ್ಚುವಂತಹ ಪ್ರಸಂಗವೊಂದು 2010ರಿಂದ 2020ರವರೆಗೆ ಅಮೆರಿಕದ ರಾಕಿ ಪರ್ವತಶ್ರೇಣಿಯಲ್ಲಿ ನಡೆಯಿತು.

ಫಾರೆಸ್ಟ್ ಫೆನ್ ವಿಯೆಟ್ನಾಂ ಯುದ್ಧದಲ್ಲಿ ವಿಮಾನಚಾಲಕನಾಗಿದ್ದು, ಆನಂತರ ನ್ಯೂ ಮೆಕ್ಸಿಕೋದ ಸಾಂತಾ ಫೆ ನಗರದಲ್ಲಿ ಕಲಾಕೃತಿಗಳ ವ್ಯಾಪಾರ ನಡೆಸಿದವನು. 1988ರಲ್ಲಿ ಅವನಿಗೆ ಮೂತ್ರಪಿಂಡದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ತನಗೆ ಪ್ರಿಯವಾದ ಒಂದು ಸ್ಥಳಕ್ಕೆ ನಿಧಿಪೆಟ್ಟಿಗೆಯೊಡನೆ ಹೋಗಿ ಅದರ ಪಕ್ಕದಲ್ಲೇ ಪ್ರಾಣ ಬಿಡಬೇಕೆಂದು ಅವನು ಆಗ ಯೋಚಿಸಿದ್ದನು. ರೋಗ ಗುಣವಾಯಿತು, ಯೋಚನೆ ಮಾತ್ರ ಉಳಿಯಿತು. ಸುಮಾರು 80ರ ವಯಸ್ಸಿನಲ್ಲಿ ಅವನು ಚಿನ್ನದ ನಾಣ್ಯಗಳು, ಗಟ್ಟಿಗಳು, ರತ್ನಗಳು ಮತ್ತು ಪ್ರಾಚೀನ ಆಭರಣಗಳಿದ್ದ ಕಂಚಿನ ಪೆಟ್ಟಿಗೆಯೊಂದನ್ನು ಬಚ್ಚಿಟ್ಟು, 2010ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ 24 ಸಾಲುಗಳ ಕವಿತೆಯೊಂದನ್ನು ಸೇರಿಸಿದನು. ಅದರಲ್ಲಿ ಒಂಬತ್ತು ಸುಳಿವುಗಳಿವೆ, ಅವುಗಳನ್ನು ಕ್ರಮವಾಗಿ ಬಿಡಿಸಿದವರಿಗೆ ನಿಧಿ ದೊರೆಯುತ್ತದೆ ಎಂಬುದು ಅವನ ಘೋಷಣೆ.

ಕಾವ್ಯವಾಗಿ ಈ ರಚನೆ ಸಾಧಾರಣವಾದುದು. ಆರು ಪದ್ಯಗಳು, ಸರಳ ಪ್ರಾಸ, ಸುಭಾಷಿತದ ಧಾಟಿ. ಆದರೆ ಈ ಸಾಧಾರಣತೆಯೇ ಅದರ ಶಕ್ತಿ. ಮೊದಲ ಸುಳಿವು ಬೆಚ್ಚನೆಯ ನೀರಿನ ಹರಿವು ಮುಗಿಯುವ ಒಂದೆಡೆಯನ್ನು ಸೂಚಿಸುತ್ತದೆ. ಅದನ್ನು ಬಿಸಿನೀರಿನ ಬುಗ್ಗೆಯೆಂದು ಕೆಲವರು ಓದಿದರು; ನದಿಸಂಗಮವೆಂದು, ಅಣೆಕಟ್ಟೆಂದು, ಮೀನುಗಾರಿಕೆಯ ನಿಯಮಗಳಲ್ಲಿ ಬರುವ ಗಡಿಯೆಂದು ಓದಿದವರೂ ಉಂಟು. ಮುಂದೆ ಬರುವ ‘ಬ್ರೌನ್’ ಎಂಬ ಪದದ ಸಮಸ್ಯೆ ಇನ್ನೂ ಕುತೂಹಲಕರ. ಇಂಗ್ಲಿಷಿನಲ್ಲಿ ಅದರ ಮೊದಲ ಅಕ್ಷರ ದೊಡ್ಡಕ್ಷರವಾಗಿರುವುದರಿಂದ ಅದು ಅಂಕಿತನಾಮವೆಂಬ ಊಹೆಗೆ ಎಡೆಯಾಯಿತು. ವ್ಯಕ್ತಿಯೊಬ್ಬನ ಹೆಸರೋ, ಊರಿನ ಹೆಸರೋ, ಅದೇ ಬಣ್ಣದ ಮೀನಿನ ಹೆಸರೋ ಎಂಬ ಚರ್ಚೆ ಹತ್ತು ವರ್ಷ ನಡೆಯಿತು. ದೊಡ್ಡಕ್ಷರ-ಚಿಕ್ಕಕ್ಷರಗಳ ಭೇದವೇ ಇಲ್ಲದ ಕನ್ನಡ ಲಿಪಿಗೆ ಇದನ್ನು ತರುವವನು ‘ಬ್ರೌನ್’ ಎಂದೋ ‘ಕಂದು’ ಎಂದೋ ಬರೆದು ಒಗಟಿನ ಅರ್ಧವನ್ನು ತಾನೇ ಬಿಡಿಸಿಬಿಡಬೇಕಾಗುತ್ತದೆ ಎಂಬುದು ಅನುವಾದಾಸಕ್ತರು ಗಮನಿಸತಕ್ಕ ಸಂಗತಿ.

ಸಹಜ ಕಾವ್ಯದಲ್ಲಿ ಇಂತಹ ಬಹ್ವರ್ಥತೆ ಸಂಪತ್ತು. ಇಲ್ಲಿ ಅದು ದಾರಿತಪ್ಪಿಸುವ ದೋಷ. ಪೆಟ್ಟಿಗೆ ಇರುವುದು ಒಂದೇ ಜಾಗದಲ್ಲಾದ್ದರಿಂದ ಸರಿಯಾದ ಅರ್ಥವೂ ಒಂದೇ. ಆ ಅರ್ಥದ ಪ್ರಮಾಣವಾದರೂ ಪಠ್ಯದ ಒಳಗಿಲ್ಲ, ಮಣ್ಣಿನಲ್ಲಿದೆ. ಹೀಗಾಗಿ ಓದುಗರು ಕವಿತೆಯಿಂದ ಕವಿಯತ್ತ ತಿರುಗಿದರು. ಫೆನ್ ಕೂಡ ಆಗಾಗ ಒಂದೊಂದು ವಿವರವನ್ನು ಹೊರಗೆಡವುತ್ತ ಹೋದನು: ಪೆಟ್ಟಿಗೆಯು ಸಾಂತಾ ಫೆಯಿಂದ ಕನಿಷ್ಠ 8.25 ಮೈಲಿ ಉತ್ತರಕ್ಕಿದೆ. ಸಮುದ್ರಮಟ್ಟದಿಂದ 5,000 ಅಡಿಗಿಂತ ಮೇಲೆ, 10,200 ಅಡಿಗಿಂತ ಕೆಳಗೆ ಇದೆ. ಗಣಿಯಲ್ಲಾಗಲಿ ಸ್ಮಶಾನದಲ್ಲಾಗಲಿ ಇಲ್ಲ. ಕೆಲವರು ಮೊದಲ ಎರಡು ಸುಳಿವುಗಳನ್ನು ಸರಿಯಾಗಿ ಬಿಡಿಸಿಯೂ ಉಳಿದ ಏಳನ್ನು ಅರಿಯದೆ ಮುಂದೆ ನಡೆದುಹೋದರೆಂದು ಅವನು ಹೇಳಿದ್ದುಂಟು. ಶೋಧಕರು ತಮ್ಮ ಊಹೆಗಳನ್ನು ಅವನಿಗೇ ಬರೆದು ತಿಳಿಸುತ್ತಿದ್ದುದರಿಂದ ಈ ಮಾತು ಸಾಧ್ಯವಾಯಿತು. ಕವಿಯ ಉದ್ದೇಶವು ಕೃತಿಯ ಅರ್ಥಕ್ಕೆ ಅಳತೆಗೋಲಾಗದೆಂದು ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲೀ 1946ರಲ್ಲಿ ವಾದಿಸಿದ್ದರು. ಅವರ ವಾದ ಪೂರ್ಣವಾಗಿ ಸೋಲುವ ಒಂದು ಕಾವ್ಯಪ್ರಕಾರವಿದ್ದರೆ ಅದು ಇದೇ ಇರಬೇಕು.

ಅರ್ಥವು ಒಂದೇ ಎಂಬ ನಂಬಿಕೆಯು ಓದುಗನಲ್ಲಿ ಎಂತಹ ಹಟವನ್ನು ಹುಟ್ಟಿಸಬಲ್ಲದೆಂಬುದಕ್ಕೆ ಇಲ್ಲಿ ಘೋರವಾದ ಸಾಕ್ಷ್ಯಗಳಿವೆ. 2016ರಿಂದ 2020ರ ನಡುವೆ ಐವರು ಶೋಧಕರು ನದಿಗಳಲ್ಲಿಯೂ ಕಡಿದಾದ ಬೆಟ್ಟಗಳಲ್ಲಿಯೂ ಪ್ರಾಣ ಕಳೆದುಕೊಂಡರು. ಎಂಬತ್ತರ ಮುದುಕನು ಹೋಗಲಾರದ ಕಡೆ ಹುಡುಕಬೇಡಿರೆಂದು ಫೆನ್ ಎಚ್ಚರಿಸಿದ್ದನು. ಆದರೆ ಒಮ್ಮೆ ಒಂದು ವ್ಯಾಖ್ಯಾನ ಮನಸ್ಸಿನಲ್ಲಿ ಗಟ್ಟಿಯಾದ ಮೇಲೆ, ಅದಕ್ಕೆ ವಿರುದ್ಧವಾದ ಸಾಕ್ಷ್ಯವೂ ಅದರ ಪರವಾಗಿಯೇ ಕಾಣತೊಡಗುತ್ತದೆ. ಪೆಟ್ಟಿಗೆ ಸ್ಮಶಾನದಲ್ಲಿಲ್ಲವೆಂದು ಕವಿಯೇ ಹೇಳಿದ್ದರೂ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಹಳೆಯ ಸೇನಾ ಸ್ಮಶಾನವನ್ನು ಒಬ್ಬನು ಅಗೆದನು. ಅವನಿಗೆ 2021ರಲ್ಲಿ ಆರು ತಿಂಗಳ ಸೆರೆವಾಸವಾಯಿತು. ಸಾಹಿತ್ಯದ ತರಗತಿಯಲ್ಲಿ ಅತಿವ್ಯಾಖ್ಯಾನಕ್ಕೆ ತೆರಬೇಕಾದ ಬೆಲೆ ಇಷ್ಟಿಲ್ಲವೆಂಬುದು ಸಮಾಧಾನದ ಸಂಗತಿ. ದಂಡಿಯು ಹೇಳಿದ ‘ಪರವ್ಯಾಮೋಹನ’ ಕೇವಲ ಗೋಷ್ಠಿಯ ವಿನೋದವಾಗಿ ಉಳಿಯಬೇಕಾಗಿಲ್ಲ.

2020ರ ಜೂನ್‌ನಲ್ಲಿ ನಿಧಿ ದೊರೆತಿರುವುದಾಗಿ ಫೆನ್ ಪ್ರಕಟಿಸಿದನು. ಸ್ಥಳ ವಯೋಮಿಂಗ್ ರಾಜ್ಯದಲ್ಲಿದೆಯೆಂದು ಜುಲೈನಲ್ಲಿ ತಿಳಿಸಿದನು. ಸೆಪ್ಟೆಂಬರ್‌ನಲ್ಲಿ 90ರ ವಯಸ್ಸಿನಲ್ಲಿ ತೀರಿಕೊಂಡನು. ಶೋಧಕ ಜ್ಯಾಕ್ ಸ್ಟೂಫ್ ಎಂಬ ವೈದ್ಯಕೀಯ ವಿದ್ಯಾರ್ಥಿ. ನ್ಯಾಯಾಲಯದ ವ್ಯಾಜ್ಯವೊಂದರ ದೆಸೆಯಿಂದ ಅವನ ಹೆಸರು ಅದೇ ಡಿಸೆಂಬರ್‌ನಲ್ಲಿ ಬಯಲಾಯಿತು. ಅವನ ವಿಧಾನವೇ ಇಲ್ಲಿ ಮುಖ್ಯ. ನಕಾಶೆಗಳನ್ನೂ ಸಂಕೇತಲಿಪಿಗಳನ್ನೂ ಬದಿಗಿರಿಸಿ ಅವನು ಫೆನ್‌ನ ಬರಹ ಮತ್ತು ಸಂದರ್ಶನಗಳನ್ನು ನಿಧಾನವಾಗಿ ಓದಿದನು. ಈ ಮನುಷ್ಯ ಎಲ್ಲಿ ಸಾಯಬಯಸಿದ್ದಾನು ಎಂದು ಕೇಳಿಕೊಂಡನು. ಆ ಪ್ರದೇಶ ಹೊಳೆದ ಮೇಲೂ ಎರಡು ವರ್ಷಗಳ ಅವಧಿಯಲ್ಲಿ ಒಟ್ಟು 25 ದಿನಗಳಷ್ಟು ಅಲ್ಲಿ ಹುಡುಕಬೇಕಾಯಿತು. 1967ರಲ್ಲಿ ರೋಲಾಂ ಬಾರ್ತ್ ಸಾರಿದ ಲೇಖಕನ ಸಾವು ಇಲ್ಲಿ ತಲೆಕೆಳಗಾಗಿದೆ: ಲೇಖಕನ ಸಾವಿನ ಬಯಕೆಯೇ ಕವಿತೆಯ ಬೀಗದ ಕೈಯಾಯಿತು. ಸಾವಿರಾರು ಜನ ಬುದ್ಧಿಯ ಸಮಸ್ಯೆಯೆಂದು ಬಗೆದದ್ದನ್ನು ಒಬ್ಬನು ಭಾವದ ಸಮಸ್ಯೆಯೆಂದು ಓದಿದನು. ಪ್ರಹೇಳಿಕೆಯು ರಸಕ್ಕೆ ವಿರೋಧಿಯೆಂಬ ವಿಶ್ವನಾಥನ ನಿರ್ಣಯಕ್ಕೆ ಇದೊಂದು ಸಣ್ಣ ತಿದ್ದುಪಡಿಯೆನ್ನಬಹುದು.

ಕನ್ನಡದ ಬೆಡಗಿನ ವಚನಗಳನ್ನು ಇದರ ಪಕ್ಕದಲ್ಲಿಟ್ಟರೆ ಭೇದ ಸ್ಪಷ್ಟವಾಗುತ್ತದೆ. ಅಲ್ಲಮನ ಬೆಡಗುಗಳಿಗೆ 15ನೆಯ ಶತಮಾನದ ಹೊತ್ತಿಗೆ ಟೀಕೆಗಳು ರಚಿತವಾದವು. ಒಂದೊಂದು ಪ್ರತಿಮೆಗೂ ಷಟ್‌ಸ್ಥಲದ ಪರಿಭಾಷೆಯಲ್ಲಿ ಅರ್ಥ ಹೇಳಲಾಯಿತು. ಆದರೂ ಟೀಕೆಯಿಂದ ವಚನ ಮುಗಿದುಹೋಗಲಿಲ್ಲ. ಟೀಕೆಯನ್ನು ಬಲ್ಲವರೂ ಮತ್ತೆ ವಚನಕ್ಕೆ ಮರಳುತ್ತಾರೆ. ಫೆನ್‌ನ ಕವಿತೆಯಾದರೋ ಉತ್ತರ ದೊರೆತೊಡನೆ ಬರಿದಾಗಬೇಕಾದ ಪಾತ್ರೆ. ಹಾಗಾಗದೆ ಉಳಿದುದಕ್ಕೆ ಕಾರಣ ಶೋಧಕನ ಮೌನ. ಆ ಜಾಗ ಪ್ರವಾಸಿಗಳ ತಾಣವಾಗಬಾರದೆಂದು ಅವನು ಸ್ಥಳವನ್ನಾಗಲಿ ಒಂಬತ್ತು ಸುಳಿವುಗಳ ಬಿಡಿಸುವಿಕೆಯನ್ನಾಗಲಿ ಬಹಿರಂಗಪಡಿಸಲಿಲ್ಲ. ಪೆಟ್ಟಿಗೆಯ ವಸ್ತುಗಳು 2022ರ ಡಿಸೆಂಬರ್‌ನಲ್ಲಿ ಹರಾಜಾಗಿ ಸುಮಾರು 13 ಲಕ್ಷ ಡಾಲರಿಗೆ ಮಾರಾಟವಾದವು. ಕವಿತೆಯ ಅರ್ಥ ಆ ಹರಾಜಿನ ಪಟ್ಟಿಯಲ್ಲಿರಲಿಲ್ಲ.